ಹೋಲ್‌ಸೇಲ್ ಪೈಪ್ ಏಜೆನ್ಸಿಯಲ್ಲಿ ಸೇಲ್ಸ್ ಕೆಲಸ ಸಿಕ್ಕಿದೆ, ಸೇರಬಹುದಾ?

ಪೆರ್ಲದ ಬಿಕಾಂ

ಎಲ್ಲರಿಗೂ ನಮಸ್ಕಾರ. ಬಿಕಾಂ ಮುಗಿಸಿ ಮನೆಯಲ್ಲಿ ಕೂತಿದ್ದೇನೆ. ಕಾಸರಗೋಡಿನ ಒಂದು ಹೋಲ್‌ಸೇಲ್ ಏಜೆನ್ಸಿಯಿಂದ ಕರೆ ಬಂದಿದೆ. ಪಿವಿಸಿ ಪೈಪ್, ಫಿಟ್ಟಿಂಗ್ಸ್, ನೀರಿನ ಟ್ಯಾಂಕ್, ಪಂಪ್‌ಸೆಟ್, ತೋಟದ ಸ್ಪ್ರಿಂಕ್ಲರ್ ಸಾಮಾನು, ಸಿಮೆಂಟ್ ಎಲ್ಲ ಇದೆ ಅವರಲ್ಲಿ. ನನಗೆ ಕೊಡುವ ಲೈನ್ ಬದಿಯಡ್ಕ, ಮುಳ್ಳೇರಿಯ, ಪೆರ್ಲ, ಸೀತಾಂಗೋಳಿ, ಕುಂಬಳೆ. ಸಂಬಳ ಹದಿನೈದು ಸಾವಿರ, ಪೆಟ್ರೋಲ್ ಬೇರೆ, ಟಾರ್ಗೆಟ್ ಮುಟ್ಟಿದರೆ ಇನ್ಸೆಂಟಿವ್. ಬೈಕ್ ನನ್ನದೇ ಆಗಬೇಕು. ಅಪ್ಪ "ಮಂಗಳೂರಿಗೆ ಹೋಗು, ಆಫೀಸ್ ಕೆಲಸ ನೋಡು" ಅಂತಾರೆ. ಈ ಲೈನಿನಲ್ಲಿ ದುಡಿದವರು ಇದ್ದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಹೆದ್ದಾರಿ ಸವಾರ

ಇದೇ ಲೈನಿನಲ್ಲಿ ವರ್ಷಗಟ್ಟಲೆ ತಿರುಗಿದವನು ನಾನು. ಈಗ ಬೇರೆ ಕೆಲಸ. ಏಜೆನ್ಸಿ ಯಾವುದು ಅಂತ ಕೇಳಬೇಡಿ, ಹೇಳುವುದಿಲ್ಲ.

ಮಾರುವುದು ಕಷ್ಟ ಅಂತ ಹೆದರಬೇಡಿ. ಪೈಪ್ ಮಾರಲು ಮಾತಿನ ಮಲ್ಲ ಆಗಬೇಕಿಲ್ಲ. ಬೇಸಿಗೆ ಬಂತೆಂದರೆ ಅಡಿಕೆ ತೋಟಕ್ಕೆ ನೀರು ಬಿಡಲೇಬೇಕು, ಗಲ್ಫಿನಿಂದ ಬಂದವರು ಮನೆ ಕಟ್ಟಿಸಲೇಬೇಕು. ಅಂಗಡಿಯವರೇ ಫೋನ್ ಮಾಡಿ "63 ಎಂಎಂ ಪೈಪ್ ಕಳಿಸಿ" ಅಂತಾರೆ. ಕಷ್ಟ ಇರುವುದು ಆ ದುಡ್ಡು ವಾಪಸ್ ತರುವುದರಲ್ಲಿ. ಇಂಟರ್‌ವ್ಯೂ ದಿನ ನೀವು ಸೇಲ್ಸ್ ಎಕ್ಸಿಕ್ಯೂಟಿವ್. ಬೀಟ್‌ಗೆ (ಅಂದರೆ ಲೈನಿಗೆ) ಇಳಿದ ಮೇಲೆ ಕಲೆಕ್ಷನ್ ಹುಡುಗ.

ಬೆಳಿಗ್ಗೆ ಏಜೆನ್ಸಿಗೆ ಹೋದ ಕೂಡಲೇ ಕೈಗೆ ಒಂದು ಶೀಟ್ ಕೊಡುತ್ತಾರೆ. ಔಟ್‌ಸ್ಟ್ಯಾಂಡಿಂಗ್ ಶೀಟ್, ಅಂದರೆ ಬಾಕಿ ಪಟ್ಟಿ. ಪಾರ್ಟಿ (ಅಂಗಡಿ) ಹೆಸರು, ಮುಂದೆ ನಾಲ್ಕು ಕಾಲಂ: 30 ದಿನದೊಳಗಿನದ್ದು, 60ರೊಳಗಿನದ್ದು, 90ರೊಳಗಿನದ್ದು, 90 ದಾಟಿದ್ದು. ಕೊನೆಯ ಕಾಲಮ್ಮಿನಲ್ಲಿ ಎಷ್ಟಿದೆ ಎಂಬುದರ ಮೇಲೆ ಆ ದಿನದ ನಿಮ್ಮ ಮರ್ಯಾದೆ ನಿಂತಿರುತ್ತದೆ.

ಅಂಗಡಿಯಲ್ಲಿ ಏನಾಗುತ್ತದೆ ನೋಡಿ. ನಿಮ್ಮ ಬೈಕ್ ನಿಲ್ಲುವುದು ಕಂಡ ಕೂಡಲೇ ಅಂಗಡಿಯ ಧಣಿ ಫೋನ್ ಕಿವಿಗಿಡುತ್ತಾರೆ. ನೀವು ಕೌಂಟರ್ ಬದಿಯಲ್ಲಿ ನಿಂತು ಸ್ಯಾಂಪಲ್ ನಲ್ಲಿಗಳನ್ನು ಎಣಿಸುತ್ತೀರಿ. ಫೋನ್ ಮುಗಿದ ಮೇಲೆ ಚಾ ಬರುತ್ತದೆ, ಒಳ್ಳೆಯ ಚಾ. ಆಮೇಲೆ ಮೇಜಿನ ಅಡಿಯಿಂದ ಒಂದು ಪ್ಲಾಸ್ಟಿಕ್ ಚೀಲ ಹೊರಗೆ ಬರುತ್ತದೆ. ಅದರೊಳಗೆ ಒಡೆದ ಎರಡು ಎಲ್ಬೋ, ಪೈಪಿನ ತಿರುವಿಗೆ ಹಾಕುವ ತುಂಡು. "ಹೋದ ಲೋಡಿನಲ್ಲಿ ಬಂದದ್ದು ಮಾರಾಯಾ. ಇದರ ಕ್ರೆಡಿಟ್ ನೋಟ್ ಬರಲಿ, ಆಮೇಲೆ ಪೇಮೆಂಟ್ ನೋಡುವ." ಕ್ರೆಡಿಟ್ ನೋಟ್ ಅಂದರೆ ಹಾಳಾದ ಮಾಲಿನ ದುಡ್ಡನ್ನು ಬಾಕಿಯಿಂದ ಕಳೆಯುವ ಚೀಟಿ. ಎರಡು ಎಲ್ಬೋದ ಬೆಲೆ ನೀವು ಕುಡಿದ ಚಾದಷ್ಟೂ ಇಲ್ಲ. ಅದರ ಹಿಂದೆ ನಿಂತಿರುವ ಬಿಲ್ಲು ಎಂಬತ್ತು ಸಾವಿರದ್ದು. ಇದನ್ನು ಏಜೆನ್ಸಿಗೆ ಹೋಗಿ ಹೇಳಿದರೆ ಅಕೌಂಟ್ಸಿನವರು "ಫೋಟೋ ಕಳಿಸಿ, ಕಂಪನಿ ರೆಪ್ ಬಂದು ನೋಡಬೇಕು" ಅಂತಾರೆ. ಕಂಪನಿ ರೆಪ್ ಯಾವತ್ತು ಬರುತ್ತಾರೆ ಎಂಬುದು ಅವರಿಗೇ ಗೊತ್ತಿರುವುದಿಲ್ಲ.

ಅಂಗಡಿಯವರು ಕೆಟ್ಟವರು ಅಂತಲ್ಲ. ಅವರಿಂದ ಸಾಮಾನು ಒಯ್ದ ತೋಟದವರು ಅಡಿಕೆ ಮಾರಿಲ್ಲ. ರೇಟ್ ಇನ್ನೂ ಏರುತ್ತದೆ ಅಂತ ಅಡಿಕೆ ಅಟ್ಟದಲ್ಲೇ ಇದೆ. ಅಲ್ಲಿ ಅಡಿಕೆ ಇಳಿದರೆ ಇಲ್ಲಿ ಚೆಕ್ ಬರುತ್ತದೆ. ಮೇ ಕೊನೆಗೆ ಬಂದರಂತೂ ಮುಗಿಯಿತು. ಮಳೆ ಹಿಡಿಯುವ ಮೊದಲು ಮದ್ದು ಬಿಡಬೇಕಲ್ಲ, ಕೊಳೆರೋಗಕ್ಕೆ. ನೂರು ಲೀಟರ್ ಬೋರ್ಡೋ ಮದ್ದಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೇಲೆ ಮರ ಹತ್ತುವವರ ಮಜೂರಿ. ಕೈಯಲ್ಲಿದ್ದ ನಗದು ಎಲ್ಲ ಅದಕ್ಕೇ ಹೋಗುತ್ತದೆ. ನಲವತ್ತು ನಲವತ್ತೈದು ದಿನ ಬಿಟ್ಟು ಎರಡನೇ ಸಲದ ಮದ್ದು. ಪೈಪಿನ ಬಾಕಿ ಯಾರಿಗೆ ನೆನಪಾಗುತ್ತದೆ ಆಗ? ಹಾಗಾಗಿ ಮಾರ್ಚ್ ಏಪ್ರಿಲ್‌ನಲ್ಲಿ ಕಣ್ಣು ಮುಚ್ಚಿ ಮಾಲು ಇಳಿಸಿದ ಸೇಲ್ಸ್‌ಮನ್ ಜುಲೈಯಲ್ಲಿ ಮಳೆಗೆ ಒದ್ದೆಯಾಗುತ್ತಾ ಅದೇ ಅಂಗಡಿಗಳ ಎದುರು ನಿಂತಿರುತ್ತಾನೆ.

ಕೇಳಬೇಕಾದ ಪ್ರಶ್ನೆ ಸಂಬಳದ್ದಲ್ಲ. ಬಾಕಿ ಬರದಿದ್ದರೆ ಅದು ಯಾರ ತಲೆಗೆ? ಏಜೆನ್ಸಿ ಧಣಿಯ ತಲೆಗಾ, ನಿಮ್ಮ ತಲೆಗಾ? ಇದಕ್ಕೆ ನೇರ ಉತ್ತರ ಕೊಡುವ ಜಾಗ ಆದರೆ ಸೇರಿ.

ಗೋಡೌನ್ ಭಟ್ರು

ಎಲ್ಬೋ ಚೀಲದ ಕಥೆ ಓದಿ ನಗು ಬಂತು. ನಮ್ಮ ಗೋಡೌನಿನಲ್ಲಿ ಹಾಗೆ ವಾಪಸ್ ಬಂದ ಚೀಲಗಳದ್ದೇ ಒಂದು ಮೂಲೆ ಇದೆ.

ಲೆಕ್ಕದಕ್ಕ

ನಾನು ಇಂಥದ್ದೇ ಒಂದು ಏಜೆನ್ಸಿಯ ಅಕೌಂಟ್ಸ್ ನೋಡುತ್ತೇನೆ. ಬೈಸಿಕೊಳ್ಳುವ "ಅಕೌಂಟ್ಸಿನವರು" ನಾವೇ. ಹೆದ್ದಾರಿ ಸವಾರರು ಹೇಳಿದ್ದು ಸರಿ. ಆದರೆ ಕ್ರೆಡಿಟ್ ನೋಟ್ ತಡ ಆಗುವುದು ಸೋಮಾರಿತನದಿಂದ ಅಲ್ಲ. ವರ್ಷಕ್ಕೆ 5 ಕೋಟಿ ದಾಟಿದ ವ್ಯಾಪಾರ ಇದ್ದರೆ 2023ರ ಆಗಸ್ಟ್‌ನಿಂದ ಇ-ಇನ್‌ವಾಯ್ಸ್ ಕಡ್ಡಾಯ, ಅಂದರೆ ಬಿಲ್ಲು ಸರಕಾರದ ಪೋರ್ಟಲಿನಲ್ಲಿ ದಾಖಲಾಗಬೇಕು. ಒಮ್ಮೆ ಇ-ಇನ್‌ವಾಯ್ಸ್ ಆದ ಬಿಲ್ಲನ್ನು 24 ಗಂಟೆಯೊಳಗೆ ಮಾತ್ರ ರದ್ದು ಮಾಡಬಹುದು. ಆಮೇಲೆ ಏನು ಮಾಡುವುದಿದ್ದರೂ ಕ್ರೆಡಿಟ್ ನೋಟ್ ಮೂಲಕವೇ.

ಇದನ್ನು ಯಾಕೆ ಹೇಳಿದೆ ಅಂದರೆ, ತಿಂಗಳ ಕೊನೆಯ ದಿನ ಟಾರ್ಗೆಟ್ ಮುಟ್ಟಿಸಲು ಹುಡುಗರು "ಸುಮ್ನೆ ಒಂದು ಬಿಲ್ ಹಾಕಿ, ಅವರು ತೆಗೆದುಕೊಳ್ಳುತ್ತಾರೆ" ಅಂತಾರೆ. ಅಂಗಡಿಯವರು ಒಂದನೇ ತಾರೀಕಿಗೆ ಮಾಲು ವಾಪಸ್ ಕಳಿಸುತ್ತಾರೆ. ಹೋದ ತಿಂಗಳು ಸಿಕ್ಕಿದ ಇನ್ಸೆಂಟಿವ್ ಈ ತಿಂಗಳು ಕಡಿತ. ಹುಡುಗ ನನ್ನ ಮೇಜಿನ ಎದುರು ಬಂದು ಜಗಳ ಮಾಡುತ್ತಾನೆ.

ಪೆರ್ಲದವರೇ, ಸಂಬಳದ ಬಗ್ಗೆ ಎರಡು ಮಾತು. ಪಿಎಫ್‌ಗೆ ಬೇಸಿಕ್ ಮತ್ತು ಡಿಎ ಸೇರಿ 15,000ದವರೆಗೆ ಇದ್ದರೆ, ಮತ್ತು ಸಂಸ್ಥೆಯಲ್ಲಿ 20 ಜನ ಇದ್ದರೆ, ನಿಮ್ಮನ್ನು ಸೇರಿಸಲೇಬೇಕು. ಅದಕ್ಕೇ ಕೆಲವರು ಜಾಣತನದಿಂದ ಸಂಬಳವನ್ನು ಆ ಗೆರೆಗಿಂತ ಸ್ವಲ್ಪ ಮೇಲೆ ತೋರಿಸುತ್ತಾರೆ. ಇಎಸ್‌ಐ (ಕಾಯಿಲೆ, ಅಪಘಾತಕ್ಕೆ ಆಗುವ ವಿಮೆ) ಗೆರೆ 21,000. ನಿಮ್ಮಿಂದ ಹೋಗುವುದು ಮುಕ್ಕಾಲು ಪರ್ಸೆಂಟ್, ಧಣಿಯಿಂದ ಮೂರೂಕಾಲು. ದಿನವಿಡೀ ಬೈಕಿನ ಮೇಲೆ ಇರುವ ಕೆಲಸ ಇದು. ಇಎಸ್‌ಐ ಇಲ್ಲದ ಜಾಗಕ್ಕೆ ನಾನಾದರೆ ನನ್ನ ತಮ್ಮನನ್ನು ಕಳಿಸುವುದಿಲ್ಲ.

ಉಪ್ಪಳ ಕೌಂಟರ್

ಅಂಗಡಿಯವರ ಮೇಲೆ ಎಲ್ಲರೂ ಕಲ್ಲು ಹೊಡೆಯುತ್ತಿದ್ದೀರಿ. ನಾನು ಅಂಗಡಿಯವನೇ. ನಮ್ಮ ಕಡೆಯದ್ದೂ ಕೇಳಿ.

ಸೇಲ್ಸ್‌ಮನ್ ಬಂದ ಕೂಡಲೇ ಹೇಳುವ ಮಾತು "ಒಂದನೇ ತಾರೀಕಿನಿಂದ ರೇಟ್ ಏರುತ್ತದೆ ಇಚ್ಚಾ, ಈಗಲೇ ಹಾಕಿಸಿ". ಪಿವಿಸಿ ರೇಟ್ ಏರುವುದು ಇಳಿಯುವುದು ರೆಸಿನ್ (ಪೈಪಿನ ಕಚ್ಚಾಮಾಲು) ಬೆಲೆಯ ಮೇಲೆ ಅಂತ ನಮಗೂ ಗೊತ್ತುಂಟು. ಅವರ ಮಾತು ಕೇಳಿ ಒಂದು ಲೋಡ್ ಇಳಿಸಿದರೆ ಹದಿನೈದು ದಿನ ಕಳೆದು ರೇಟ್ ಇಳಿಯುತ್ತದೆ. ಸೇಲ್ಸ್‌ಮನ್ ಆ ತಿಂಗಳು ಈ ಕಡೆ ತಲೆಯೇ ಹಾಕುವುದಿಲ್ಲ. ಸ್ಟಾಕ್ ಹಳೇ ರೇಟಿನದ್ದು, ಪಕ್ಕದ ಅಂಗಡಿಯವನು ಹೊಸ ರೇಟಿಗೆ ಮಾರುತ್ತಾನೆ. ನಾನು ಯಾಕೆ ಬೇಗ ಪೇಮೆಂಟ್ ಕೊಡಬೇಕು, ನೀವೇ ಹೇಳಿ.

ಇನ್ನು ಸ್ಕೀಮ್. ಇಷ್ಟು ಬಾಕ್ಸ್ ಸಾಲ್ವೆಂಟ್ (ಪೈಪ್ ಅಂಟು) ತೆಗೆದುಕೊಂಡರೆ ಇಷ್ಟು ಪರ್ಸೆಂಟ್ ಅಂತ ಬಾಯಲ್ಲಿ ಹೇಳುತ್ತಾರೆ. ಮೂರು ತಿಂಗಳು ಕಳೆದರೂ ಲೆಡ್ಜರಿನಲ್ಲಿ ಬಂದಿರುವುದಿಲ್ಲ. ಬರೆದು ಕೊಡುವ ಸೇಲ್ಸ್‌ಮನ್ ಯಾರೋ ಒಬ್ಬ ಇರುತ್ತಾನೆ. ಅವನಿಗೆ ನಾನು ಫೋನ್ ಮಾಡಿ "ಚೆಕ್ ರೆಡಿ ಉಂಟು, ಬಾ" ಅಂತೇನೆ. ಸತ್ಯ.

ಮತ್ತೊಂದು, ಶುಕ್ರವಾರ ಮಧ್ಯಾಹ್ನ ಉಪ್ಪಳ ಕಡೆ ಕಲೆಕ್ಷನ್‌ಗೆ ಬರಬೇಡಿ. ಜುಮಾಕ್ಕೆ ಹೋಗಿರುತ್ತೇವೆ. ಬಂದು ಶಟರ್ ಎದುರು ನಿಂತು ಸೆಲ್ಫಿ ಕಳಿಸುವವರನ್ನು ನೋಡಿದ್ದೇನೆ, "ಅಂಗಡಿ ಬಂದ್" ಅಂತ ಆಫೀಸಿಗೆ ತೋರಿಸಲು.

ಹೆದ್ದಾರಿ ಸವಾರ

ಉಪ್ಪಳದವರೇ, ರೇಟ್ ಏರುವ ಮಾತು ನಿಜ, ಒಪ್ಪಿದೆ. ಆದರೆ ಅದು ಸೇಲ್ಸ್‌ಮನ್ ಹುಟ್ಟಿಸಿದ್ದಲ್ಲ. ಬೆಳಿಗ್ಗೆ ಮೀಟಿಂಗಿನಲ್ಲಿ ಮ್ಯಾನೇಜರ್ ಹೇಳಿ ಕಳಿಸಿದ್ದು.

ಟಾರ್ಗೆಟ್ ಎಷ್ಟು ಕುರುಡು ಅಂತ ಗೊತ್ತಾಗಬೇಕಾದರೆ 2025ರ ಸೆಪ್ಟೆಂಬರ್ ನೆನಪಿಸಿಕೊಳ್ಳಿ. ಜಿಎಸ್‌ಟಿ ದರ ಇಳಿಸುವ ಸುದ್ದಿ ಬಂದದ್ದು 3ನೇ ತಾರೀಕು, ಜಾರಿಗೆ ಬಂದದ್ದು 22ಕ್ಕೆ. ಸಿಮೆಂಟ್ 28ರಿಂದ 18ಕ್ಕೆ ಇಳಿಯುತ್ತದೆ ಅಂತ ಗೊತ್ತಾದ ಮೇಲೆ ಮಧ್ಯದ ಆ ದಿನಗಳಲ್ಲಿ ಯಾರು ಚೀಲ ಇಳಿಸುತ್ತಾರೆ? ಡ್ರಿಪ್, ಸ್ಪ್ರಿಂಕ್ಲರ್ ಸಾಮಾನಿಗೂ 12ರಿಂದ 5 ಆಯಿತು. ಅಂಗಡಿಯವರು ಬಾಗಿಲಲ್ಲೇ "22 ಕಳೆಯಲಿ" ಅಂತ ಕಳಿಸುತ್ತಿದ್ದರು ಅಂತ ಈಗಲೂ ಲೈನಿನಲ್ಲಿರುವ ಗೆಳೆಯ ಹೇಳಿದ. ಅವನ ಟಾರ್ಗೆಟ್ ಮಾತ್ರ ಒಂದು ರೂಪಾಯಿ ಇಳಿಯಲಿಲ್ಲ.

ಜತ್ತ ಗೆಳೆಯ

ನಾನು ಸಾಂಗ್ಲಿ ಜಿಲ್ಲೆಯ ಜತ್ತದವ. ಮಹಾರಾಷ್ಟ್ರದೊಳಗಿನ ಕನ್ನಡದವರು ನಾವು. ನನ್ನದು ಡ್ರಿಪ್ ಸಾಮಾನಿನ ಹೋಲ್‌ಸೇಲ್‌ನಲ್ಲಿ ಸೇಲ್ಸ್ ಕೆಲಸ. ನಿಮ್ಮಲ್ಲಿ ಅಡಿಕೆ ಅಟ್ಟದಾಗ ಕೂತರೆ, ನಮ್ಮಲ್ಲಿ ದ್ರಾಕ್ಷಿ ಒಣಗಿ ಮನುಕ ಆಗಿ ತಾಸಗಾಂವ್ ಮಾರ್ಕೆಟ್ಟಿಗೆ ಹೋಗಿ ರೊಕ್ಕ ಬರೋತನಕ ಎಲ್ಲಾ ಉಧಾರಿ. ದಾಳಿಂಬೆಯವರದ್ದೂ ಹಂಗ. ಒಂದು ಆಲಿಕಲ್ಲು ಮಳೆ ಬಿದ್ದರೆ ಆ ಊರಿಗೇ ಹೋಗೋದಕ್ಕೆ ಮನಸ್ಸು ಬರೋದಿಲ್ಲ. ಕೇಳೋದು ಹೆಂಗ ಅವರನ್ನ?

ನಾವು ಒಂದು ಪದ್ಧತಿ ಇಟ್ಟುಕೊಂಡೀವಿ. ಮಾಲು ಇಳಿಸೋ ಮೊದಲೇ ಅಂಗಡಿಯವರನ್ನ "ಯಾವ ಬೆಳೆ ಮೇಲೆ ಕೊಡ್ತೀರಿ" ಅಂತ ಕೇಳೋದು. ತಾರೀಕು ಕೇಳಬಾರದು, ಬೆಳೆ ಕೇಳಬೇಕು. ತಾರೀಕು ಯಾರೂ ಪಾಳಿಸೋದಿಲ್ಲ. ಮಾಲಕರಿಗೂ ಅದನ್ನೇ ಬರೆಸಿ ಇಡ್ತೀನಿ, ಆಮೇಲೆ ಅರವತ್ತು ದಿನ ಆಯ್ತು ಅಂತ ನನ್ನ ಮೇಲೆ ಕೂಗಬಾರದು ಅಂತ.

ಲೆಕ್ಕದಕ್ಕ

ಜತ್ತದವರ ಮಾತು ಭಾರಿ ಚೆಂದ. ನಮ್ಮ ಧಣಿಗೆ ತೋರಿಸಬೇಕು.

ಕಲೆಕ್ಷನ್‌ಗೆ ಉಪಯೋಗ ಆಗುವ ಒಂದು ವಿಷಯ. ಬಿಲ್ಲಿನ ತಾರೀಕಿನಿಂದ 180 ದಿನದೊಳಗೆ ದುಡ್ಡು ಕೊಡದಿದ್ದರೆ, ಆ ಬಿಲ್ಲಿನ ಮೇಲೆ ಅಂಗಡಿಯವರು ತೆಗೆದುಕೊಂಡ ಜಿಎಸ್‌ಟಿ ಕ್ರೆಡಿಟ್ಟನ್ನು (ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ತಾವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಂಡದ್ದನ್ನು) ಬಡ್ಡಿ ಸಮೇತ ವಾಪಸ್ ಕಟ್ಟಬೇಕಾಗುತ್ತದೆ. ಇದು ಎಷ್ಟೋ ಅಂಗಡಿಯವರಿಗೆ ತಲೆಗೆ ಹೋಗಿರುವುದಿಲ್ಲ, ಅವರ ಆಡಿಟರಿಗೆ ಗೊತ್ತಿರುತ್ತದೆ. ಜಗಳ ಬೇಡ. "ನಿಮ್ಮ ಆಡಿಟರನ್ನು ಒಮ್ಮೆ ಕೇಳಿ" ಅಂತ ಮೆಲ್ಲ ಹೇಳಿ ಬನ್ನಿ.

ನಗದು ಹಿಡಿಯುವಾಗ ಜಾಗ್ರತೆ. ಒಂದು ಪಾರ್ಟಿಯಿಂದ ಒಂದೇ ದಿನ ಎರಡು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ಪಡೆಯುವ ಹಾಗಿಲ್ಲ. ಮತ್ತೆ ಅಂಗಡಿಯವರು ದಿನಕ್ಕೆ ಹತ್ತು ಸಾವಿರ ದಾಟಿ ನಗದು ಕೊಟ್ಟರೆ ಅವರಿಗೆ ಅದು ಇನ್‌ಕಂ ಟ್ಯಾಕ್ಸ್ ಲೆಕ್ಕದಲ್ಲಿ ಖರ್ಚು ಅಂತ ಸಿಗುವುದಿಲ್ಲ. ಹಾಗಾಗಿ "ಇವತ್ತು ಒಂಬತ್ತು ಸಾವಿರದ ರಸೀದಿ ಬರಿ, ಉಳಿದದ್ದಕ್ಕೆ ನಾಳೆಯ ತಾರೀಕು ಹಾಕು" ಅಂತ ಕೇಳುತ್ತಾರೆ. ಹಾಕಬೇಡಿ. ನಾಳೆ ಏನಾದರೂ ವ್ಯತ್ಯಾಸ ಬಂದರೆ ನಿಮ್ಮ ಕೈಯಲ್ಲಿ ದುಡ್ಡು, ಪುಸ್ತಕದಲ್ಲಿ ಇಲ್ಲ ಅಂತ ಆಗುತ್ತದೆ. ಈಗ ಹೆಚ್ಚಿನವರು ಯುಪಿಐ, ಬ್ಯಾಂಕ್ ಮೂಲಕ ಹಾಕುವುದರಿಂದ ಈ ತಲೆಬಿಸಿ ಸ್ವಲ್ಪ ಕಮ್ಮಿ.

ಪೆರ್ಲದ ಬಿಕಾಂ

ಇಷ್ಟೆಲ್ಲ ಬರೆದದ್ದಕ್ಕೆ ಧನ್ಯವಾದ. ಅಪ್ಪನಿಗೂ ಓದಿ ಹೇಳಿದೆ, "ನೋಡಿದ್ಯಾ" ಅಂದರು ಅಷ್ಟೇ. ಎರಡು ಸಂಶಯ. ನನಗೆ ಕನ್ನಡ, ತುಳು ಸಲೀಸು. ಮಲಯಾಳ ಮಾತಾಡುತ್ತೇನೆ, ಬರೆಯುವುದು ಅಷ್ಟಕ್ಕಷ್ಟೇ. ತೊಂದರೆ ಆಗ್ತದಾ? ಇನ್ನೊಂದು, ಮಂಗಳೂರಿನ ಹೋಲ್‌ಸೇಲಿನವರು ನಮ್ಮ ಬೀಟಿಗೆ ಬಂದು ಮಾರುತ್ತಾರಂತೆ, ಹೌದಾ?

ತಲಪಾಡಿ ಆಚೆ

ಎರಡನೆಯದಕ್ಕೆ ನಾನು ಹೇಳುತ್ತೇನೆ, ಆ "ಮಂಗಳೂರಿನವರು" ನಾವೇ. ಮನೆ ಮಂಜೇಶ್ವರ, ಕೆಲಸ ಮಂಗಳೂರಿನ ಏಜೆನ್ಸಿಯಲ್ಲಿ.

ಮೊದಲು ಹೀಗಿರಲಿಲ್ಲ. ವ್ಯಾಟ್ ಇದ್ದ ಕಾಲದಲ್ಲಿ ಗಡಿ ದಾಟಿಸಿ ಮಾಲು ಕಳಿಸುವುದು ಅಂದರೆ ಚೆಕ್‌ಪೋಸ್ಟಿನಲ್ಲಿ ಲಾರಿ ಕಾಯಬೇಕು, ಕಾಗದ ಪತ್ರ ತೋರಿಸಬೇಕು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು, ತೆರಿಗೆ ಚೆಕ್‌ಪೋಸ್ಟ್ ಹೋಯಿತು. ಮರುವರ್ಷ ಏಪ್ರಿಲ್‌ನಿಂದ 50 ಸಾವಿರ ದಾಟಿದ ಮಾಲಿಗೆ ಇ-ವೇ ಬಿಲ್, ಮಾಲು ಸಾಗಿಸಲು ಆನ್‌ಲೈನ್ ಚೀಟಿ. ಅದು ಫೋನಿನಲ್ಲೇ ಆಗುತ್ತದೆ. ಐಜಿಎಸ್‌ಟಿ (ರಾಜ್ಯ ದಾಟುವ ಮಾರಾಟದ ಜಿಎಸ್‌ಟಿ) ಹಾಕಿದ ಬಿಲ್ಲಿಗೂ ಅಂಗಡಿಯವರಿಗೆ ಕ್ರೆಡಿಟ್ ಸಿಗುತ್ತದೆ. ಹಾಗಿದ್ದ ಮೇಲೆ ಮಂಜೇಶ್ವರದ ಹತ್ತಿರದ ಹೊಸಂಗಡಿಯವರು ಕಾಸರಗೋಡಿನಿಂದಲೇ ಯಾಕೆ ತರಿಸಬೇಕು? ಮಂಗಳೂರು ಅವರಿಗೆ ಹತ್ತಿರ.

ತಕರಾರು ಬರುವುದು ಕಂಪನಿಯ ಏರಿಯಾ ಲೆಕ್ಕದಿಂದ. ಒಂದೇ ಬ್ರಾಂಡಿಗೆ ಕರ್ನಾಟಕದಲ್ಲಿ ಒಬ್ಬ ಡಿಸ್ಟ್ರಿಬ್ಯೂಟರ್, ಕೇರಳದಲ್ಲಿ ಇನ್ನೊಬ್ಬ. ಸ್ಕೀಮ್ ಬೇರೆ ಬೇರೆ. ಆ ಕಡೆ ಎರಡು ಪರ್ಸೆಂಟ್ ಜಾಸ್ತಿ ಇದ್ದರೆ ಮಾಲು ರಾತ್ರಿ ಬೆಳಗಾಗುವುದರೊಳಗೆ ಈ ಕಡೆ ಬಂದಿರುತ್ತದೆ. ಪಾಪ, ಈ ಕಡೆಯ ಸೇಲ್ಸ್‌ಮನ್ ಅಂಗಡಿಗೆ ಹೋದರೆ ತನ್ನದೇ ಬ್ರಾಂಡಿನ ಪೈಪ್ ರಾಶಿ ಬಿದ್ದಿದೆ, ತನ್ನ ಬಿಲ್ಲು ಒಂದೂ ಇಲ್ಲ. ಅವನ ಮ್ಯಾನೇಜರ್ ಅವನನ್ನೇ ಬೈಯುತ್ತಾರೆ. ಬದಿಯಡ್ಕ, ಮುಳ್ಳೇರಿಯ ಕಡೆ ಮಂಗಳೂರಿನ ಹಾವಳಿ ಕಮ್ಮಿ, ಪೆರ್ಲ ಕಡೆ ಪುತ್ತೂರಿನವರು ಬರಬಹುದು.

ಹಾಗಂತ ಗಡಿ ಅಂದರೆ ಏನೂ ಇಲ್ಲ ಅಂದುಕೊಳ್ಳಬೇಡಿ. 2020ರ ಮಾರ್ಚ್‌ನಲ್ಲಿ ರಸ್ತೆಗೆ ಮಣ್ಣು ಸುರಿದು ಮುಚ್ಚಿದರಲ್ಲ. ನಮ್ಮ ಏಜೆನ್ಸಿ ಆಚೆ, ನಾವು ಈಚೆ, ಮನೆಯಲ್ಲಿ. ಧಣಿ ಮಂಗಳೂರಿನಿಂದ ದಿನಾ ಫೋನ್.

ಸೀತಾಂಗೋಳಿ

ಭಾಷೆಗೆ ಹೆದರಬೇಡಿ. ಸಪ್ತಭಾಷೆಯ ಊರು ಅಂತ ಸುಮ್ನೆ ಹೇಳುವುದಾ ನಮ್ಮದನ್ನು? ಅಂಗಡಿಗೆ ತಕ್ಕ ಭಾಷೆ ತಾನಾಗಿ ಬರುತ್ತದೆ. ಬದಿಯಡ್ಕ ಲೈನಿಗೆ ನಿಮ್ಮ ಕನ್ನಡ, ತುಳುವೇ ಬಂಡವಾಳ. ಅಲ್ಲಿಗೆ ಬರೀ ಮಲಯಾಳದ ಹುಡುಗರನ್ನು ಹಾಕಿ ಕೈ ಸುಟ್ಟುಕೊಂಡ ಏಜೆನ್ಸಿಗಳಿವೆ. ಆಫೀಸಿನ ವಾಟ್ಸಾಪ್ ಗ್ರೂಪ್ ಮಾತ್ರ ಪೂರ್ತಿ ಮಲಯಾಳ, ಅದೂ ವಾಯ್ಸ್ ಮೆಸೇಜ್ ಜಾಸ್ತಿ. ಓಣಂ ಬೋನಸ್ ಸಿಗುತ್ತದೆ, ದೀಪಾವಳಿಗೆ ರಜೆ ಕೇಳಿ ತೆಗೆದುಕೊಳ್ಳಬೇಕು.

ಹೊಸೂರು ಎಲೆಕ್ಟ್ರಿಕಲ್ಸ್

ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಹೊಸೂರಿನಿಂದ ಬರೆಯುತ್ತಿದ್ದೇನೆ. ಕೇಬಲ್, ಸ್ವಿಚ್‌ಗೇರ್ ಹೋಲ್‌ಸೇಲ್. ನಮ್ಮ ಪಾರ್ಟಿಗಳು ಅಂಗಡಿಗಳಲ್ಲ, ಸಿಪ್ಕಾಟ್ (ಸರಕಾರದ ಕೈಗಾರಿಕಾ ಪ್ರದೇಶ) ಫ್ಯಾಕ್ಟರಿಗಳು. ಚಾ ಕೊಡುವವರೂ ಇಲ್ಲ, ಸೆಕ್ಯುರಿಟಿ ಗೇಟಿನಲ್ಲಿ ಹೆಸರು ಬರೆದು ಕಾಯುವುದು. ಪೇಮೆಂಟ್ 90 ದಿನ ಅಂತ ಪಿಓದಲ್ಲೇ (ಪರ್ಚೇಸ್ ಆರ್ಡರ್) ಇರುತ್ತದೆ. ಸಣ್ಣ ಉದ್ದಿಮೆಗಳಿಗೆ 45 ದಿನದೊಳಗೆ ಕೊಡಬೇಕು ಅಂತ ಕಾನೂನು ಬಂತಲ್ಲ ಅಂತ ಖುಷಿಯಾಗಿ ಪರ್ಚೇಸ್ ಮ್ಯಾನೇಜರಿಗೆ ಹೇಳಿದರೆ ನಕ್ಕುಬಿಟ್ಟರು. ಅದು ತಯಾರಕರಿಗೆ, ಸೇವೆ ಕೊಡುವವರಿಗೆ. ನಮ್ಮಂಥ ಬರೀ ವ್ಯಾಪಾರಿಗಳಿಗೆ ಇಲ್ಲ.

ಕೌಂಟರ್ ಅಕ್ಕ

ಗಂಡಸರೇ ಮಾತಾಡುತ್ತಿದ್ದೀರಿ. ನಾನು ಹೋಲ್‌ಸೇಲ್ ಕೌಂಟರಿನಲ್ಲಿ ಆರ್ಡರ್ ತೆಗೆದುಕೊಳ್ಳುವವಳು. ಬೀಟ್ ಹುಡುಗ ಅಂಗಡಿಗೆ ಮಾತು ಕೊಟ್ಟು ಬರುತ್ತಾನೆ, "ನಾಳೆ ಬೆಳಿಗ್ಗೆ ಗಾಡಿ". ನಾಳೆ ಬೆಳಿಗ್ಗೆ ಬೈಸಿಕೊಳ್ಳುವುದು ನಾನು. ಸ್ಟಾಕ್ ಕೇಳದೆ ಮಾತು ಕೊಡಬೇಡ ಮಾರಾಯಾ, ಒಂದು ಫೋನ್ ಮಾಡಲು ಎಷ್ಟು ಹೊತ್ತು? ಈಗ ಹೆದ್ದಾರಿ ಆರು ಲೇನ್ ಆದ ಮೇಲೆ ಎದುರು ಬದಿಯ ಅಂಗಡಿಗೆ ಇಳಿಸಬೇಕಾದರೂ ಗಾಡಿ ಅಂಡರ್‌ಪಾಸ್ ಹುಡುಕಿ ಸುತ್ತಿ ಬರಬೇಕು. ಆರು ಮೀಟರಿನ ಪೈಪ್ ಕಟ್ಟಿಕೊಂಡ ಪಿಕಪ್ ಸರ್ವಿಸ್ ರಸ್ತೆಯಲ್ಲಿ ತಿರುಗುವುದನ್ನು ಒಮ್ಮೆ ನಿಂತು ನೋಡಿ.

ಒಂದು ಒಳ್ಳೆಯದಾಗಿದೆ. 2018ರಲ್ಲಿ ಕೇರಳದಲ್ಲಿ ಅಂಗಡಿ ಕೆಲಸದವರಿಗೆ ಕೂತುಕೊಳ್ಳುವ ಹಕ್ಕು ಕಾನೂನಿಗೆ ಬಂತು. ನಮ್ಮಲ್ಲಿ ಸ್ಟೂಲ್ ಬಂದದ್ದು ಆಮೇಲೆಯೇ.

ಪೆರ್ಲದ ಬಿಕಾಂ

ಇವತ್ತು ಏಜೆನ್ಸಿಗೆ ಹೋಗಿದ್ದೆ. ಪಿಎಫ್, ಇಎಸ್‌ಐ ಎರಡೂ ಇದೆಯಂತೆ. ಬಾಕಿ ಯಾರ ತಲೆಗೆ ಅಂತ ಹೆದ್ದಾರಿ ಸವಾರರು ಹೇಳಿದ ಹಾಗೇ ಕೇಳಿದೆ. ಧಣಿ ಸ್ವಲ್ಪ ಹೊತ್ತು ಮುಖ ನೋಡಿದರು. ಆಮೇಲೆ "ನೀನು ಹಾಕಿದ ಬಿಲ್ಲಿಗೆ ನೀನು ಓಡಾಡಬೇಕು, ಸಂಬಳದಿಂದ ಹಿಡಿಯುವುದಿಲ್ಲ. 90 ದಿನ ದಾಟಿದರೆ ಇನ್ಸೆಂಟಿವ್ ಇಲ್ಲ" ಅಂದರು. ಆದರೆ ಮ್ಯಾನೇಜರ್ ಬೇರೆ ಕರೆದು ಡಿಗ್ರಿ ಸರ್ಟಿಫಿಕೇಟಿನ ಒರಿಜಿನಲ್, ಸೆಕ್ಯುರಿಟಿಗೆ ಒಂದು ಬ್ಲಾಂಕ್ ಚೆಕ್ ಕೇಳಿದ್ದಾರೆ. ಕೊಡುವುದಾ?

ಲೆಕ್ಕದಕ್ಕ

ಎರಡೂ ಕೊಡಬೇಡಿ. ಒರಿಜಿನಲ್ ತೋರಿಸಿ, ಜೆರಾಕ್ಸ್ ಕೊಡಿ. ಸಹಿ ಹಾಕಿದ ಖಾಲಿ ಚೆಕ್ ಅಂದರೆ ನಾಳೆ ಅವರು ಮೊತ್ತ ತುಂಬಿ ಬ್ಯಾಂಕಿಗೆ ಹಾಕಿ, ಬೌನ್ಸ್ ಆಯಿತು ಅಂತ ಚೆಕ್ ಬೌನ್ಸ್ ಕಾನೂನಿನ 138ನೇ ಸೆಕ್ಷನ್‌ನಲ್ಲಿ ನಿಮಗೆ ನೋಟಿಸ್ ಕಳಿಸಬಹುದು. ನೋಟಿಸ್ ಸಿಕ್ಕಿದ 15 ದಿನದೊಳಗೆ ದುಡ್ಡು ಕಟ್ಟದಿದ್ದರೆ ಕೇಸು. ಸಂಬಳಕ್ಕೆ ಬಂದವನು ಯಾಕೆ ಚೆಕ್ ಕೊಡಬೇಕು? ನಗದು ಮುಟ್ಟುವ ಕೆಲಸ ಅಂತ ಅವರಿಗೆ ಭಯ ಇದ್ದರೆ "ನಾನು ನಗದು ಹಿಡಿಯುವುದಿಲ್ಲ, ಕ್ಯೂಆರ್ ಕೋಡ್ ಕೊಡಿ" ಅನ್ನಿ. ಅಲ್ಲಿಗೆ ಮುಗಿಯಿತು.

ಹೆದ್ದಾರಿ ಸವಾರ

ಧಣಿ ಹೇಳಿದ್ದು ಸರಿಯಾಗಿಯೇ ಇದೆ. ನನಗಿದ್ದ ಧಣಿ ಇಷ್ಟನ್ನೂ ಹೇಳಿರಲಿಲ್ಲ. ಅದನ್ನೇ ಅಪಾಯಿಂಟ್‌ಮೆಂಟ್ ಲೆಟರಿನಲ್ಲಿ ಒಂದು ಸಾಲು ಬರೆಸಿಕೊಳ್ಳಿ. ಮತ್ತೆ ಈ ಬೀಟ್ ಮೊದಲು ಯಾರ ಕೈಯಲ್ಲಿತ್ತು, ಅವರು ಯಾಕೆ ಬಿಟ್ಟರು ಅಂತ ತಿಳಿದುಕೊಳ್ಳಿ. ಸೇರುವ ದಿನದ ಔಟ್‌ಸ್ಟ್ಯಾಂಡಿಂಗ್ ಶೀಟ್ ಪ್ರಿಂಟ್ ತೆಗೆಸಿ, ಧಣಿಯ ಸಹಿ ಹಾಕಿಸಿ ಮನೆಯಲ್ಲಿ ಇಡಿ. ಹಳಬರ ಬಾಕಿ ನಿಮ್ಮ ಲೆಕ್ಕಕ್ಕೆ ಬರಬಾರದು. ಪ್ರತಿ ಅಂಗಡಿಗೂ ಮೊದಲ ಸಲ ಹೋಗುವಾಗ ಅವರ ಲೆಡ್ಜರಿಗೂ ನಿಮ್ಮ ಶೀಟಿಗೂ ತಾಳೆ ನೋಡಿ, ವ್ಯತ್ಯಾಸ ಇದ್ದರೆ ಅದೇ ವಾರ ಧಣಿಗೆ ಮೆಸೇಜ್ ಹಾಕಿ. ಬಾಯಲ್ಲಿ ಹೇಳಿದರೆ ಆಗುವುದಿಲ್ಲ.

ಪೆರ್ಲದ ಬಿಕಾಂ

ಆಯ್ತು ಅಣ್ಣ. ಚೆಕ್ ಕೊಡುವುದಿಲ್ಲ ಅಂತ ನಾಳೆ ಹೇಳುತ್ತೇನೆ. ಬೇಡ ಅಂದರೆ ಬೇಡ. ಹಳೇ ಬೀಟ್‌ನವರ ನಂಬರ್ ಬದಿಯಡ್ಕದ ಒಂದು ಅಂಗಡಿಯವರ ಹತ್ತಿರ ಇದೆ ಅಂತ ಗೊತ್ತಾಯಿತು. ಶನಿವಾರ ಅಲ್ಲಿಗೆ ಹೋಗುತ್ತೇನೆ.

ಉಪ್ಪಳ ಕೌಂಟರ್

ಬೆಳಿಗ್ಗೆ ಬೋಣಿ ಆಗುವ ಮೊದಲು ಹೋಗಬೇಡಿ. ಹನ್ನೊಂದು ಕಳೆಯಲಿ.